ಹೊಲದ ಹೊಗೆಯೂ ಹೃದಯದ ಬಡಿತವೂ

ಕಣದಲ್ಲಿ ರಾಶಿ ತೂರುವ ಒಕ್ಕಲಿಗನು ಗಾಳಿಯ ಗುಣವನ್ನು ಚನ್ನಾಗಿ ಬಲ್ಲನು. ಬುಟ್ಟಿಯಿಂದ ಸುರುವಿದ ಕಾಳು ಕಾಲ ಬುಡದಲ್ಲಿಯೇ ಬೀಳುವದು. ಹೊಟ್ಟು ನಾಲ್ಕು ಮಾರು ದೂರ ಹೋಗಿ ಬೀಳುವದು. ಹೊಟ್ಟಿಗಿಂತ ಹಗುರಾದ ಧೂಳಿಯಾದರೋ ಬೀಳದೆ ಕಣವನ್ನೇ ದಾಟಿ ಹೋಗುವದು. ಅದು ಎಲ್ಲಿಗೆ ಹೋಯಿತೆಂಬದನ್ನು ಯಾರೂ ವಿಚಾರಿಸುವದಿಲ್ಲ. ಆದರೆ ಕಣ್ಣಿಗೆ ಕಾಣದೆ ತೇಲುವ ಆ ಧೂಳಿಯೂ, ಅದಕ್ಕಿಂತ ಸಣ್ಣವಾದ ಹೊಗೆಯ ಕಣಗಳೂ ಮನುಷ್ಯನ ಉಸಿರಿನೊಡನೆ ಒಳಹೊಕ್ಕು, ಪುಪ್ಪುಸಗಳನ್ನು ಮಾತ್ರವಲ್ಲದೆ ಹೃದಯದ ಬಡಿತವನ್ನೂ ಕೆಡಿಸಬಲ್ಲವೆಂಬದು ಈಚಿನ ಇಪ್ಪತ್ತೈದು ವರ್ಷಗಳ ಸಂಶೋಧನೆಯಿಂದ ಸ್ಪಷ್ಟವಾಗಿದೆ.

ಇದು ವೈದ್ಯರ ವಿಷಯ, ಒಕ್ಕಲುತನದ ಪತ್ರಿಕೆಯಲ್ಲಿ ಇದಕ್ಕೇನು ಕೆಲಸವೆಂದು ಕೆಲವರು ಕೇಳಬಹುದು. ಹಳ್ಳಿಯ ಗಾಳಿಯಲ್ಲಿ ಸೇರುವ ಹೊಗೆಯು ಒಲೆಯಿಂದಲೂ ಹೊಲದಿಂದಲೂ ಏಳುವದು. ಹೊಲಕ್ಕೆ ಬೆಂಕಿ ಹಚ್ಚಬೇಕೋ ಬಾರದೋ ಎಂಬದನ್ನು ವೈದ್ಯನು ನಿಶ್ಚಯಿಸುವದಿಲ್ಲ. ಜಮೀನಿನ ಒಡೆಯನು ನಿಶ್ಚಯಿಸುತ್ತಾನೆ. ಆದುದರಿಂದ ಊರ ಪ್ರಮುಖರೂ ಜಮೀನುದಾರರೂ ಈ ವಿಷಯವನ್ನು ಅರಿತಿರುವದು ಅವಶ್ಯವಾಗಿದೆ.

೧. ಹೆಬ್ಬಳ್ಳಿಯ ಸೀಮೆಯ ಗಾಳಿ

ಧಾರವಾಡದ ಹೆಬ್ಬಳ್ಳಿ ಅಗಸಿಯನ್ನು ಬಿಟ್ಟು ಮೂಡಲಕ್ಕೆ ಹೊರಟರೆ ಹೆಬ್ಬಳ್ಳಿಯ ಕಡೆಗೆ ಎರಿ ಭೂಮಿಯ ಬಯಲು ತೆರೆಯುತ್ತದೆ. ಈ ಸೀಮೆಯಲ್ಲಿ ಮುಂಗಾರಿಗೆ ಹೆಸರು, ಸೋಯಾ ಅವರೆ, ಗೋವಿನಜೋಳ, ಹತ್ತಿ, ಉಳ್ಳಾಗಡ್ಡಿಗಳೂ, ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋದಿ, ಕುಸುಬೆಗಳೂ ಬೆಳೆಯುವವು. ಕಣಕಿಯನ್ನೂ ಹೊಟ್ಟನ್ನೂ ದನಗಳಿಗಾಗಿ ಬಣವಿ ಒಟ್ಟಿ ಕಾಯುವ ಒಕ್ಕಲಿಗನು, ದನ ತಿನ್ನದ ಹತ್ತಿ ಕಟ್ಟಿಗೆ, ಮೆಣಸಿನ ಗಿಡ, ಗೋವಿನಜೋಳದ ದಂಟು, ಕೂಳೆ ಮುಂತಾದವುಗಳಿಗೆ ಬೆಂಕಿ ಹಚ್ಚಿ ಹೊಲವನ್ನು ಬೇಗನೆ ಬಯಲು ಮಾಡಿಕೊಳ್ಳುವ ರೂಢಿಯು ಅನೇಕ ಕಡೆಗಳಲ್ಲಿ ಉಂಟು.

ಪಟ್ಟಣದ ಗಾಳಿಯ ಸ್ಥಿತಿಯೂ ಸಮಾಧಾನಕರವಾಗಿಲ್ಲ. ಕೇಂದ್ರ ಸರಕಾರವು 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿದಾಗ, ಗಾಳಿಯು ನಿಗದಿಯಾದ ಮಟ್ಟಕ್ಕಿಂತ ಕೆಟ್ಟಿರುವ ಪಟ್ಟಣಗಳ ಯಾದಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಕಲಬುರ್ಗಿಗಳೊಡನೆ ಹುಬ್ಬಳ್ಳಿ-ಧಾರವಾಡವೂ ಸೇರಿತು. ರಸ್ತೆಯ ಧೂಳಿ, ವಾಹನಗಳ ಹೊಗೆ, ಕಟ್ಟಡದ ಕೆಲಸ, ಕಸ ಸುಡುವದು ಇವು ಪಟ್ಟಣದಲ್ಲಿಯ ಕಾರಣಗಳು. ಗಾಳಿಗೆ ಪಟ್ಟಣದ ಸೀಮೆಯೂ ಗೊತ್ತಿಲ್ಲ, ಹಳ್ಳಿಯ ಗಡಿಯೂ ಗೊತ್ತಿಲ್ಲ. ಹಳ್ಳಿಯ ಹೊಗೆ ಪಟ್ಟಣಕ್ಕೂ, ಪಟ್ಟಣದ ಹೊಗೆ ಹಳ್ಳಿಗೂ ಹೋಗಿ ಬರುವದು.

ಹೊಗೆಯ ಕೆಡುಕು ಎಲ್ಲ ವೇಳೆಯಲ್ಲಿಯೂ ಒಂದೇ ತೆರನಾಗಿರುವದಿಲ್ಲ. ಹಗಲು ಬಿಸಿಲಿನಿಂದ ನೆಲ ಕಾದು, ಕಾದ ಗಾಳಿಯು ಮೇಲಕ್ಕೇರುವಾಗ ಹೊಗೆಯನ್ನೂ ಒಯ್ದು ಹರವಿಬಿಡುವದು. ಚಳಿಗಾಲದ ರಾತ್ರಿಯಲ್ಲಿ ನೆಲವು ಬೇಗನೆ ತಣಿದು, ಅದಕ್ಕೆ ತಗಲಿದ ಗಾಳಿಯು ಮೇಲಿನ ಗಾಳಿಗಿಂತ ತಂಪಾಗಿ ಭಾರವಾಗುವದು. ಆಗ ಹೊಗೆಯು ಮೇಲೇಳದೆ ಊರಿನ ಮೇಲೆ ಕಂಬಳಿ ಹೊದಿಸಿದಂತೆ ಮಲಗಿರುವದು. ಸಂಜೆ ಹಚ್ಚಿದ ಹೊಲದ ಹೊಗೆಯನ್ನು ಮರುದಿನ ನಸುಕಿನಲ್ಲಿ ಕಟ್ಟೆಯ ಮೇಲೆ ಕುಳಿತ ಮುದುಕನು ಉಸಿರಾಡಬೇಕಾಗುವದು ಈ ಕಾರಣದಿಂದಲೇ.

೨. ಬಡಿತವು ಕ್ರಮದಿಂದ ನಡೆಯುವ ಬಗೆ

ಹೃದಯವು ಮುಷ್ಟಿಯಷ್ಟು ಗಾತ್ರದ, ಒಳಗೆ ನಾಲ್ಕು ಕೋಣೆಗಳುಳ್ಳ ಮಾಂಸದ ಚೀಲ. ಮೇಲಿನ ಎರಡು ಕೋಣೆಗಳಿಗೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ಬಲಗಡೆಯ ಮೇಲಿನ ಕೋಣೆಯ ಗೋಡೆಯಲ್ಲಿ ಒಂದು ಚಿಕ್ಕ ಗಂಟು ಇದೆ. ಇದನ್ನು ಇಂಗ್ಲಂಡದಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಂಬವರು 1907ರಲ್ಲಿ ಮೊದಲು ವರ್ಣಿಸಿದರು. ಈ ಗಂಟಿನಿಂದ ನಿಮಿಷಕ್ಕೆ 60ರಿಂದ 100 ಸಾರಿ ಅತ್ಯಲ್ಪವಾದ ವಿದ್ಯುತ್ತು ಹೊರಟು, ಮೊದಲು ಮೇಲಿನ ಕೋಣೆಗಳಿಗೂ ಕ್ಷಣಾರ್ಧದ ತರುವಾಯ ಕೆಳಗಿನ ಕೋಣೆಗಳಿಗೂ ಹರಿಯುವದು. ವಿದ್ಯುತ್ತು ತಲುಪಿದ ಕೂಡಲೆ ಆಯಾ ಕೋಣೆಯು ಬಿಗಿದು ರಕ್ತವನ್ನು ಮುಂದಕ್ಕೆ ನೂಕುವದು. ಹೀಗೆ ಒಂದು ದಿನಕ್ಕೆ ಸುಮಾರು ಒಂದು ಲಕ್ಷ ಬಡಿತಗಳಾಗುವವು.

ಮೇಟಿಯ ಸುತ್ತಲು ಹಂತಿ ಹೊಡೆಯುವಾಗ ಎತ್ತುಗಳೆಲ್ಲ ಒಂದೇ ನಡಿಗೆಯಿಂದ ಸುತ್ತಿದರೆ ಮಾತ್ರ ತೆನೆ ಸರಿಯಾಗಿ ತುಳಿದೀತು. ಒಂದು ಎತ್ತು ಬೆದರಿ ಅಡ್ಡಕ್ಕೆ ಎಳೆದರೆ ಉಳಿದವುಗಳ ನಡಿಗೆಯೂ ಕೆಟ್ಟು ಎಲ್ಲವೂ ಸಿಕ್ಕಾಗುವವು. ಹೃದಯದ ಸ್ಥಿತಿಯೂ ಅದೇ. ಗಂಟಿನ ಆಜ್ಞೆಯನ್ನು ಮೀರಿ ಬೇರೆ ಸ್ಥಳಗಳಿಂದಲೂ ವಿದ್ಯುತ್ತು ಹೊರಡಲಾರಂಭಿಸಿದರೆ ಬಡಿತದ ಕ್ರಮವು ತಪ್ಪುವದು.

ಕ್ರಮ ತಪ್ಪಿದ ಬಡಿತದಲ್ಲಿ ಹಲವು ಪ್ರಕಾರಗಳುಂಟು. ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವದು ಹೃತ್ಕರ್ಣದ ಕಂಪನ. ಇದರಲ್ಲಿ ಮೇಲಿನ ಕೋಣೆಗಳು ಬಿಗಿಯದೆ ಬರಿದೆ ನಡುಗುತ್ತಿರುವವು. ರಕ್ತವು ಅಲ್ಲಿ ನಿಂತು ಹೆಪ್ಪುಗಟ್ಟುವದು; ಆ ಹೆಪ್ಪಿನ ತುಣುಕು ಮಿದುಳಿನ ನಾಳಕ್ಕೆ ಹೋಗಿ ಸಿಕ್ಕಿದರೆ ಅರ್ಧಾಂಗವಾಯು ಉಂಟಾಗುವದು. ಈ ಕಂಪನವುಳ್ಳವರಿಗೆ ಅರ್ಧಾಂಗವಾಯುವಿನ ಭಯವು ಉಳಿದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಲಕ್ವ ಹೊಡೆಯಿತೆಂದು ಜನರು ಆಡುವ ಎಷ್ಟೋ ಪ್ರಸಂಗಗಳ ಮೂಲವು ಕೈಕಾಲಿನಲ್ಲಿಲ್ಲ, ಹೃದಯದ ಬಡಿತದಲ್ಲಿದೆ. ಎರಡನೆಯ ಪ್ರಕಾರವು ಕೆಳಗಿನ ಕೋಣೆಗಳ ಕಂಪನ. ಇದು ವಿರಳವಾದರೂ ಘೋರವಾದದ್ದು. ಕೆಲವೇ ನಿಮಿಷಗಳಲ್ಲಿ ಪ್ರಾಣವನ್ನು ತೆಗೆಯಬಲ್ಲದು.

೩. ಹೊಗೆಯು ಬಡಿತವನ್ನು ಕೆಡಿಸುವ ಬಗೆ

ರಾಶಿ ತೂರುವಾಗ ಗಾಳಿಯು ಕಾಳು, ಹೊಟ್ಟು, ಧೂಳಿಗಳನ್ನು ಬೇರ್ಪಡಿಸುವಂತೆ ಉಸಿರಿನ ದಾರಿಯೂ ಬೇರ್ಪಡಿಸುವದು. ದಪ್ಪ ಧೂಳಿಯು ಮೂಗಿನಲ್ಲಿಯೂ ಗಂಟಲಿನಲ್ಲಿಯೂ ತಡೆದು, ಸೀನು ಕೆಮ್ಮುಗಳೊಡನೆ ಹೊರಬೀಳುವದು. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳು, ಅಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲಿನಷ್ಟು ಇಲ್ಲವೆ ಅದಕ್ಕೂ ಸಣ್ಣವಾದವು, ಎಲ್ಲಿಯೂ ತಡೆಯದೆ ಪುಪ್ಪುಸದ ಕೊನೆಯ ಗೂಡುಗಳವರೆಗೆ ಹೋಗುವವು. ಕಟ್ಟಿಗೆ, ಕುಳ್ಳು, ದಂಟು, ಡೀಜಲ್‌ಗಳ ಹೊಗೆಯಲ್ಲಿ ಹೆಚ್ಚಾಗಿರುವವು ಈ ಜಾತಿಯ ಕಣಗಳೇ.

ಅಲ್ಲಿಂದ ಕೆಡುಕು ಹೃದಯವನ್ನು ಮುಟ್ಟುವ ದಾರಿಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ನರಗಳ ದಾರಿ. ಹೊಗೆಯು ಉಸಿರಿನ ದಾರಿಯಲ್ಲಿಯ ನರಗಳನ್ನು ಕೆಣಕಿದ ಕೂಡಲೆ ಹೃದಯದ ವೇಗವನ್ನು ಹೆಚ್ಚುಕಡಿಮೆ ಮಾಡುವ ನರಗಳ ತೂಕವು ತಪ್ಪುವದು. ಇದು ನಿಮಿಷಗಳಲ್ಲಿಯೇ ಆಗತಕ್ಕದ್ದು. ಎರಡನೆಯದು ಉರಿತದ ದಾರಿ. ಪುಪ್ಪುಸದಲ್ಲಿ ಉರಿತವೆದ್ದು, ಅದರಿಂದ ಹುಟ್ಟಿದ ದ್ರವ್ಯಗಳು ರಕ್ತದಲ್ಲಿ ಸೇರಿ ಹೃದಯದ ಮಾಂಸವನ್ನು ಕೆಣಕುವವು. ರಕ್ತವೂ ಬೇಗನೆ ಹೆಪ್ಪುಗಟ್ಟುವ ಗುಣವನ್ನು ಹೊಂದುವದು. ಮೂರನೆಯದು ವಿಷವಾಯುವಿನ ದಾರಿ. ಅರೆಬೆಂದ ಕಟ್ಟಿಗೆಯ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಯುವು, ಪ್ರಾಣವಾಯುವಿಗಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ರಕ್ತಕ್ಕೆ ಅಂಟಿಕೊಂಡು, ಪ್ರಾಣವಾಯುವಿನ ಸ್ಥಾನವನ್ನು ಕಸಿದುಕೊಳ್ಳುವದು. ಹಗಲಿರುಳು ದುಡಿಯುವ ಹೃದಯಕ್ಕೆ ಇದು ಆಹಾರವನ್ನು ತಪ್ಪಿಸಿದಂತೆ. ನಾಲ್ಕನೆಯದು ಬಹುಕಾಲದ ದಾರಿ. ವರ್ಷಾನುಗಟ್ಟಲೆ ಹೊಗೆಯಲ್ಲಿದ್ದವರಿಗೆ ರಕ್ತದ ಒತ್ತಡವು ಏರಿ, ನಾಳಗಳು ಬಿರುಸಾಗಿ, ಮೇಲಿನ ಕೋಣೆಗಳು ಹಿಗ್ಗಿ, ಮಾಂಸದಲ್ಲಿ ಕಲೆಗಟ್ಟಿ, ಕ್ರಮ ತಪ್ಪುವದಕ್ಕೆ ನೆಲವು ಮೊದಲೇ ಹದವಾಗಿರುವದು.

೪. ಪರೀಕ್ಷೆಗಳಿಂದ ಗೊತ್ತಾದದ್ದು

1952ರ ಡಿಸೆಂಬರದಲ್ಲಿ ಲಂಡನ್ ಪಟ್ಟಣದ ಮೇಲೆ ಕಲ್ಲಿದ್ದಲಿನ ಹೊಗೆಯು ಐದು ದಿನ ಕವಿದು ನಿಂತಾಗ ಸಾವಿರಾರು ಜನರು ಸತ್ತರು. ಅವರಲ್ಲಿ ಉಸಿರಿನ ರೋಗಿಗಳಷ್ಟೇ ಅಲ್ಲದೆ ಹೃದಯರೋಗಿಗಳೂ ಅನೇಕರಿದ್ದುದು ವೈದ್ಯರ ಗಮನವನ್ನು ಸೆಳೆಯಿತು. ಆದರೆ ಬಡಿತದ ಮೇಲೆ ಆಗುವ ಪರಿಣಾಮವನ್ನು ಗಳಿಗೆ ಗಳಿಗೆಗೆ ಅಳೆಯುವ ಸಾಧನವು ಆಗ ಇರಲಿಲ್ಲ. ಮುಂದೆ ಬಡಿತ ತಪ್ಪಿದಾಗ ತಾನಾಗಿ ಸರಿಪಡಿಸುವ ಚಿಕ್ಕ ಯಂತ್ರವನ್ನು ರೋಗಿಯ ಎದೆಯ ಚರ್ಮದ ಕೆಳಗೆ ಇಡುವ ಪದ್ಧತಿಯು ಬಂದಿತು. ಈ ಯಂತ್ರವು ಬಡಿತವು ಯಾವ ದಿನ, ಯಾವ ವೇಳೆಗೆ ತಪ್ಪಿತೆಂಬದನ್ನು ದಾಖಲೆ ಮಾಡಿಡುವದು.

ಅಮೇರಿಕೆಯ ಬೋಸ್ಟನ್ ಪಟ್ಟಣದ ಸುತ್ತಿನಲ್ಲಿ ಇಂಥ ಯಂತ್ರವುಳ್ಳ 176 ರೋಗಿಗಳ ದಾಖಲೆಗಳನ್ನು ಅಲ್ಲಿಯ ಗಾಳಿಯ ಅಳತೆಗಳೊಡನೆ ಹೋಲಿಸಿ ನೋಡಿದ ಪರಿಶೀಲನೆಯು 2013ರಲ್ಲಿ ಪ್ರಕಟವಾಯಿತು. ಒಂದು ಘನಮೀಟರು ಗಾಳಿಯಲ್ಲಿ ಸೂಕ್ಷ್ಮ ಕಣಗಳು 6 ಮೈಕ್ರೋಗ್ರಾಮಿನಷ್ಟು ಹೆಚ್ಚಿದರೆ, ಮುಂದಿನ ಎರಡು ತಾಸುಗಳೊಳಗೆ ಹೃತ್ಕರ್ಣದ ಕಂಪನವು ಆರಂಭವಾಗುವ ಸಂಭವವು ಶೇಕಡಾ 26ರಷ್ಟು ಹೆಚ್ಚಾಗುವದೆಂದು ಅದರಿಂದ ಕಂಡುಬಂದಿತು. ಭಾರತ ಸರಕಾರವು 2009ರಲ್ಲಿ ಗೊತ್ತುಪಡಿಸಿದಂತೆ ಸೂಕ್ಷ್ಮ ಕಣಗಳ ದಿನದ ಮಿತಿಯು 60 ಮೈಕ್ರೋಗ್ರಾಮ್. ಜಾಗತಿಕ ಆರೋಗ್ಯ ಸಂಸ್ಥೆಯು 2021ರಲ್ಲಿ ಹೇಳಿದ ಮಿತಿಯು 15. ಅಂದರೆ ಪರಿಶೀಲನೆಯಲ್ಲಿಯ ಆ 6 ಮೈಕ್ರೋಗ್ರಾಮ್ ಈ ದೇಶದ ಮಿತಿಯ ಹತ್ತರಲ್ಲಿ ಒಂದು ಪಾಲು ಮಾತ್ರ.

ಚೀನಾ ದೇಶದ 322 ಪಟ್ಟಣಗಳ 2025 ಆಸ್ಪತ್ರೆಗಳಿಗೆ ಬಡಿತ ತಪ್ಪಿ ಬಂದ 1,90,115 ರೋಗಿಗಳ ಲೆಕ್ಕವನ್ನು ತೆಗೆದ ಇನ್ನೊಂದು ಪರಿಶೀಲನೆಯು 2023ರಲ್ಲಿ ಪ್ರಕಟವಾಯಿತು. ಗಾಳಿ ಕೆಟ್ಟ ಮೊದಲಿನ ಕೆಲವು ತಾಸುಗಳಲ್ಲಿ ಅಪಾಯವು ಹೆಚ್ಚಾಗಿದ್ದು, ಒಂದು ದಿನ ಕಳೆದ ಮೇಲೆ ಇಳಿಯುವದೆಂದು ಅದರಲ್ಲಿ ಕಂಡುಬಂದಿದೆ. ಹೊಗೆಯ ಕೆಡುಕು ಎಂದೋ ಬರತಕ್ಕದ್ದಲ್ಲ, ಅದೇ ದಿನ ಬರತಕ್ಕದ್ದೆಂಬದೇ ಇದರ ತಾತ್ಪರ್ಯ. ಹಾಗೆಯೇ ಗಾಳಿ ತಿಳಿಯಾದರೆ ಲಾಭವೂ ಅದೇ ದಿನದಿಂದ ಆರಂಭವಾಗುವದೆಂಬದು ಸಮಾಧಾನದ ಸಂಗತಿ.

೫. ಯಾರು ಎಚ್ಚರಿಕೆಯಿಂದಿರಬೇಕು

ಹೊಗೆಯೊಂದೇ ಎಲ್ಲ ಹೃದಯರೋಗಗಳಿಗೆ ಕಾರಣವೆಂದು ತಿಳಿಯಬಾರದು. ಗಟ್ಟಿಮುಟ್ಟಾದ ತರುಣನು ಒಂದು ದಿನದ ಹೊಗೆಯನ್ನು ತಾಳಿಕೊಂಡಾನು. ಅರವತ್ತು ದಾಟಿದವರು, ರಕ್ತದ ಒತ್ತಡ ಇಲ್ಲವೆ ಸಕ್ಕರೆ ರೋಗವುಳ್ಳವರು, ಮೊದಲು ಒಮ್ಮೆ ಹೃದಯಾಘಾತವಾದವರು, ಚಿಕ್ಕಂದಿನಲ್ಲಿ ಕೀಲುಬೇನೆಯ ಜ್ವರ ಬಂದು ಹೃದಯದ ಕವಾಟ ಕೆಟ್ಟವರು, ದಮ್ಮಿನ ರೋಗಿಗಳು ಇವರಿಗೆ ಅದೇ ಹೊಗೆಯು ಮಾರಕವಾಗಬಹುದು. ಬೀಡಿ ತಂಬಾಕು, ಸೆರೆ ಇವುಗಳ ಚಟವಿದ್ದಲ್ಲಿ ಅಪಾಯವು ಇಮ್ಮಡಿಸುವದು.

ಎದೆ ಹಾರುವದನ್ನು ಪಿತ್ತವೆಂದೋ ಉಷ್ಣವೆಂದೋ ತಳ್ಳಿಬಿಡುವ ವಾಡಿಕೆಯುಂಟು. ನಾಡಿಯನ್ನು ನೋಡುವದು ಸುಲಭವಾದ ಪರೀಕ್ಷೆ. ಹೆಬ್ಬೆರಳಿನ ಬುಡದ ಕೆಳಗೆ, ಮುಂಗೈಯ ಮೇಲೆ ಎರಡು ಬೆರಳುಗಳನ್ನಿಟ್ಟು, ಐದು ನಿಮಿಷ ವಿಶ್ರಾಂತಿಯಿಂದ ಕುಳಿತ ತರುವಾಯ, ಗಡಿಯಾರ ನೋಡುತ್ತ ಪೂರ್ಣ ಒಂದು ನಿಮಿಷ ಎಣಿಸತಕ್ಕದ್ದು. ಉಸಿರಿನೊಡನೆ ಬಡಿತವು ತುಸು ಹೆಚ್ಚುಕಡಿಮೆಯಾಗುವದು, ಅದರಲ್ಲಿಯೂ ಹುಡುಗರಲ್ಲಿ, ಸಹಜವಾದದ್ದು. ಆದರೆ ಬಡಿತಗಳ ನಡುವಿನ ಅಂತರವು ಯಾವ ಕ್ರಮವೂ ಇಲ್ಲದೆ ಒಮ್ಮೆ ದೀರ್ಘ, ಒಮ್ಮೆ ಹ್ರಸ್ವವಾಗಿದ್ದರೆ, ಇಲ್ಲವೆ ವಿಶ್ರಾಂತಿಯಲ್ಲಿಯೂ ನೂರನ್ನು ಮೀರುತ್ತಿದ್ದರೆ, ಇಲ್ಲವೆ ಐವತ್ತಕ್ಕಿಂತ ಇಳಿದು ತಲೆ ತಿರುಗುತ್ತಿದ್ದರೆ, ತಡಮಾಡದೆ ಸರಕಾರಿ ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ತೆಗೆಸತಕ್ಕದ್ದು. ಹೃತ್ಕರ್ಣದ ಕಂಪನವು ಮೊದಲೇ ಗೊತ್ತಾದರೆ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧದಿಂದ ಅರ್ಧಾಂಗವಾಯುವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಎಚ್ಚರ ತಪ್ಪುವದು, ಎದೆನೋವು, ಉಸಿರು ಸಿಕ್ಕುವದು, ಬಾಯಿ ಸೊಟ್ಟಾಗುವದು, ಒಂದು ಕೈ ಬಿದ್ದುಹೋಗುವದು ಇವು ಕಂಡರೆ ಮನೆಮದ್ದು ಮಾಡುತ್ತ ಕುಳ್ಳಿರದೆ 108ಕ್ಕೆ ಕರೆ ಮಾಡತಕ್ಕದ್ದು. ಒಮ್ಮೆಲೆ ಕುಸಿದು ಉಸಿರು ನಿಂತವನ ಎದೆಯ ನಡುವೆ ಎರಡೂ ಕೈಗಳನ್ನೂರಿ, ನಿಮಿಷಕ್ಕೆ 100ರಿಂದ 120 ಸಾರಿ ಬಲವಾಗಿ ಒತ್ತುತ್ತಿರಬೇಕು. ಗಾಡಿ ಬರುವವರೆಗೆ ಪ್ರಾಣವನ್ನು ಹಿಡಿದಿಡಬಲ್ಲ ಉಪಾಯವು ಅದೊಂದೇ. ಊರಿನ ನಾಲ್ಕು ಜನ ತರುಣರಿಗಾದರೂ ಇದನ್ನು ಕಲಿಸಿಡುವದು ಒಳ್ಳೆಯದು.

೬. ಸುಡದೆ ಹೊಲವನ್ನು ಹದ ಮಾಡುವ ಉಪಾಯ

ಹೊಲ ಸುಡುವವರು ಸಾಮಾನ್ಯವಾಗಿ ಮೂರು ಕಾರಣಗಳನ್ನು ಹೇಳುವರು. ಬೂದಿಯು ಗೊಬ್ಬರವಾಗುವದೆಂಬದು ಮೊದಲನೆಯದು. ಒಂದು ಟನ್ ಬತ್ತದ ಹುಲ್ಲನ್ನು ಸುಟ್ಟರೆ ಸುಮಾರು 400 ಕಿಲೋ ಸಾವಯವ ಇಂಗಾಲವೂ ಐದೂವರೆ ಕಿಲೋ ಸಾರಜನಕವೂ ಭೂಮಿಗೆ ನಷ್ಟವಾಗಿ, ಸುಮಾರು 3 ಕಿಲೋ ಸೂಕ್ಷ್ಮ ಕಣಗಳೂ 60 ಕಿಲೋ ಕಾರ್ಬನ್ ಮೊನಾಕ್ಸೈಡೂ ಗಾಳಿಗೆ ಸೇರುವವೆಂದು ಲೆಕ್ಕ ಹಾಕಿದ್ದಾರೆ. ಉಳಿದ ಬೂದಿಯನ್ನೂ ಬೇಸಿಗೆಯ ಗಾಳಿಯು ಬಹಳಷ್ಟು ಒಯ್ಯುವದು. ಗೊಬ್ಬರವನ್ನು ಹಣ ಕೊಟ್ಟು ತರುವವನು ತನ್ನ ಹೊಲದ ಗೊಬ್ಬರಕ್ಕೆ ಬೆಂಕಿಯಿಡುವದು ಲೆಕ್ಕಕ್ಕೆ ಬರುವ ಮಾತಲ್ಲ.

ಹುಳದ ಭಯವು ಎರಡನೆಯ ಕಾರಣ. ಇದರಲ್ಲಿ ಸತ್ಯವಿದೆ. ಹತ್ತಿಯ ಗುಲಾಬಿ ಕಾಯಿಕೊರಕ ಹುಳವು ಗಿಡದಲ್ಲುಳಿದ ಕಾಯಿಗಳೊಳಗೆ ಮಲಗಿದ್ದು ಮುಂದಿನ ಬೆಳೆಗೆ ಎದ್ದುಬರುವದರಿಂದ, ಹತ್ತಿ ಕಟ್ಟಿಗೆಯನ್ನು ಬದುವಿನ ಮೇಲೆ ಮಳೆಗಾಲದವರೆಗೆ ಒಟ್ಟಿಡುವದು ದೊಡ್ಡ ತಪ್ಪು. ಆದರೆ ಇದಕ್ಕೆ ಬೆಂಕಿಯೇ ಉಪಾಯವೆಂದಿಲ್ಲ. ಕಡೆಯ ಬಿಡಿಸುವಿಕೆ ಮುಗಿದ ಕೂಡಲೆ ಕುರಿ ಹಿಂಡನ್ನು ಬಿಟ್ಟು ಮೇಯಿಸಿದರೆ ಉಳಿದ ಕಾಯಿ ಎಲೆಗಳೆಲ್ಲ ತೀರುವವು; ಅಲ್ಲಿಯೇ ಕುರಿ ತರುಬಿಸಿದರೆ ಗೊಬ್ಬರವೂ ದೊರೆಯುವದು. ತರುವಾಯ ಟ್ರ್ಯಾಕ್ಟರಿಗೆ ಹೂಡುವ ಕತ್ತರಿಸುವ ಯಂತ್ರದಿಂದ ಕಟ್ಟಿಗೆಯನ್ನು ಸಣ್ಣದಾಗಿ ಪುಡಿಮಾಡಿ ಮಣ್ಣಿಗೆ ಸೇರಿಸತಕ್ಕದ್ದು, ಇಲ್ಲವೆ ಗೇಣುದ್ದ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕತಕ್ಕದ್ದು.

ಆಳು ಮತ್ತು ವೇಳೆ ಸಾಲದೆಂಬದು ಮೂರನೆಯ ಕಾರಣ. ಒಬ್ಬೊಬ್ಬ ಸಣ್ಣ ರೈತನಿಗೆ ಯಂತ್ರವನ್ನು ಕೊಳ್ಳುವದು ಅಸಾಧ್ಯವಾದರೂ, ನಾಲ್ಕಾರು ಜಮೀನುದಾರರು ಕೂಡಿ ಬಾಡಿಗೆಗೆ ತಂದು ಸರತಿಯ ಮೇಲೆ ಹೊಲಗಳನ್ನು ತೀರಿಸುವದು ಸಾಧ್ಯವಾದ ಮಾತು. ಗುಂಡಿಯಲ್ಲಿ ದಂಟಿನ ಒಂದು ಪದರು, ಸಗಣಿಯ ರಾಡಿ, ತುಸು ಮಣ್ಣು ಈ ಕ್ರಮದಿಂದ ತುಂಬಿ, ಹಸಿ ಆರದಂತೆ ನೀರು ಹೊಡೆದು, ನಡುವೆ ಒಮ್ಮೆ ಮಗುಚಿದರೆ ಮೆತ್ತನ್ನ ದಂಟುಗಳು ಮೂರು ನಾಲ್ಕು ತಿಂಗಳುಗಳಲ್ಲಿ ಗೊಬ್ಬರವಾಗುವವು. ಹತ್ತಿ ಕಟ್ಟಿಗೆಗೆ ಇನ್ನೂ ಹೆಚ್ಚಿನ ಕಾಲ ಬೇಕು. ಈ ವಿಷಯದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಿಂದಲೂ ಹೋಬಳಿಯ ರೈತ ಸಂಪರ್ಕ ಕೇಂದ್ರದಿಂದಲೂ ಸಲಹೆಯನ್ನು ಪಡೆಯಬಹುದು.

ಹನಿ ನೀರಾವರಿಯ ಹಳೆಯ ಕೊಳವೆ, ಪ್ಲಾಸ್ಟಿಕ್ ಹಾಳೆ, ಔಷಧದ ಖಾಲಿ ಡಬ್ಬಿಗಳನ್ನು ಎಂದಿಗೂ ಸುಡಬಾರದು; ಅವುಗಳ ಹೊಗೆಯು ಕಟ್ಟಿಗೆಯ ಹೊಗೆಗಿಂತ ವಿಷಮಯವಾದದ್ದು. ಬೇರುರೋಗ ತಗಲಿದ ಗಿಡಗಳಂಥವನ್ನು ಸುಡಲೇಬೇಕಾಗಿ ಬಂದರೆ, ಸಂಜೆ ನಸುಕುಗಳನ್ನು ಬಿಟ್ಟು ಹಗಲು ಹೊತ್ತಿನಲ್ಲಿ, ಊರಿನ ಕಡೆಗೆ ಗಾಳಿ ಬೀಸದಿರುವಾಗ, ಸ್ವಲ್ಪ ಸ್ವಲ್ಪವಾಗಿ ಒಣಗಿಸಿ ಸುಡತಕ್ಕದ್ದು.

೭. ಒಲೆ, ಕೊಟ್ಟಿಗೆ ಮತ್ತು ಕಣ

ಹೊಲದ ಹೊಗೆ ವರ್ಷದಲ್ಲಿ ಕೆಲವು ದಿನ. ಒಲೆಯ ಹೊಗೆ ನಿತ್ಯದ್ದು. 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಸತ್ತರೆಂದೂ, ಅವುಗಳಲ್ಲಿ ಶೇಕಡಾ 32ರಷ್ಟು ಮರಣಗಳು ಹೃದಯದ ರಕ್ತನಾಳಗಳ ರೋಗದಿಂದ ಆದವೆಂದೂ ಜಾಗತಿಕ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. 2016ರ ಮೇ ತಿಂಗಳಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೂ ಗ್ಯಾಸಿನ ಒಲೆ ಬಂದಿದೆ. ಆದರೂ ರೊಟ್ಟಿ ಸುಡುವ ಒಲೆಯೂ ನೀರು ಕಾಯಿಸುವ ಬಚ್ಚಲ ಒಲೆಯೂ ಹತ್ತಿ ಕಟ್ಟಿಗೆಯನ್ನೇ ನುಂಗುತ್ತಿರುವ ಮನೆಗಳುಂಟು. ಅಂಥಲ್ಲಿ ಹೊಗೆಕೊಳವೆಯುಳ್ಳ ಒಲೆಯನ್ನಾದರೂ ಕಟ್ಟಿಸತಕ್ಕದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಸ್ಥಾಪಿತವಾದ ಅಸ್ತ್ರ ವಿಭಾಗದವರು ರೂಪಿಸಿದ ಅಸ್ತ್ರ ಒಲೆಯು ಕಟ್ಟಿಗೆಯನ್ನು ಉಳಿಸಿ ಹೊಗೆಯನ್ನು ಹೊರಗೆ ಹಾಕುವದೆಂದು ಕರ್ನಾಟಕದ ಹಳ್ಳಿಗಳಲ್ಲಿ ಹೆಸರಾಗಿದೆ. ಕೊಳವೆಯನ್ನು ಆಗಾಗ ಕೆರೆದು ಸ್ವಚ್ಛ ಮಾಡದಿದ್ದರೆ ಹೊಗೆಯು ಮರಳಿ ಮನೆಯಲ್ಲಿಯೇ ತುಂಬುವದು.

ಸೊಳ್ಳೆ ನೊಣಗಳಿಗಾಗಿ ಕೊಟ್ಟಿಗೆಯಲ್ಲಿ ಹೊಗೆ ಹಾಕುವವರು, ಅದೇ ಮಾಡಿನ ಕೆಳಗೆ ಮುದುಕರೂ ಮಕ್ಕಳೂ ಮಲಗುವರೆಂಬದನ್ನು ಮರೆಯಬಾರದು. ಕೊಟ್ಟಿಗೆಯ ಸಗಣಿ ಗಂಜಳಗಳನ್ನು ದಿನಾಲು ತೆಗೆದು, ಗಾಳಿ ಬೆಳಕು ಬರುವಂತೆ ಮಾಡುವದು ಹೊಗೆಗಿಂತ ಮೇಲಾದ ಉಪಾಯ. ರಾಶಿಯ ಯಂತ್ರದ ಮುಂದೆ ನಿಲ್ಲುವ ಆಳುಗಳು ಮೂಗಿಗೆ ಸುತ್ತುವ ಟವೆಲು ದಪ್ಪ ಧೂಳಿಯನ್ನು ತಡೆದೀತು, ಸೂಕ್ಷ್ಮ ಕಣವನ್ನು ತಡೆಯದು. ಎನ್-95 ಎಂಬ ಮುಖಗವಸನ್ನು ಯಂತ್ರದ ಒಡೆಯನು ಒದಗಿಸಿಕೊಡುವದು ನ್ಯಾಯ.

೮. ಊರ ಪ್ರಮುಖರ ಕೆಲಸ

ಕೆರೆಯ ನೀರನ್ನು ಕೆಡಿಸುವವನನ್ನು ಊರವರು ಸುಮ್ಮನೆ ಬಿಡುವದಿಲ್ಲ. ನೀರು ಎಲ್ಲರದೆಂಬ ಭಾವನೆಯು ಬಲವಾಗಿದೆ. ಗಾಳಿಯ ವಿಷಯದಲ್ಲಿ ಆ ಭಾವನೆಯು ಇನ್ನೂ ಬೇರೂರಬೇಕಾಗಿದೆ. ಕೆರೆಯ ನೀರು ಕೆಟ್ಟರೆ ಬಾವಿಯ ನೀರನ್ನಾದರೂ ತರಬಹುದು. ಗಾಳಿ ಕೆಟ್ಟರೆ ಬೇರೆ ಗಾಳಿಯನ್ನು ತರುವ ಉಪಾಯವಿಲ್ಲ.

ಹೊಲ ಸುಡುವವನಿಗೆ ಒಂದು ದಿನದ ಕೆಲಸ ಉಳಿಯಬಹುದು. ಆದರೆ ಆ ಹೊಗೆಯನ್ನು ಉಸಿರಾಡುವವರು ಕೂಲಿಯವರು, ಒಲೆಯ ಮುಂದಿನ ಹೆಣ್ಣುಮಕ್ಕಳು, ಕಟ್ಟೆಯ ಮೇಲಿನ ಮುದುಕರು. ಸುಡುವ ವಿಚಾರವು ಅವರ ಕೈಯಲ್ಲಿಲ್ಲ. ಸುಡುವವನ ತಂದೆತಾಯಿಗಳೂ ಅವರಲ್ಲಿಯೇ ಇರುವರು. ಆದುದರಿಂದ ಸುಗ್ಗಿಯ ಮೊದಲೇ ಗ್ರಾಮಸಭೆಯಲ್ಲಿ ಈ ವಿಷಯವನ್ನು ತೆಗೆದು, ಯಂತ್ರದ ಸರತಿಯನ್ನು ಗೊತ್ತುಪಡಿಸಿ, ಕುರಿಗಾರರೊಡನೆ ಮಾತಾಡಿ, ಊರಿನ ಹೃದಯರೋಗಿಗಳು ಯಾರೆಂಬದನ್ನು ಆಶಾ ಕಾರ್ಯಕರ್ತೆಯರಿಂದ ತಿಳಿದಿಟ್ಟುಕೊಳ್ಳುವದು ಪ್ರಮುಖರ ಕರ್ತವ್ಯವಾಗಿದೆ. ದೊಡ್ಡ ಹಿಡುವಳಿಯವರು ತಮ್ಮ ಹೊಲದಲ್ಲಿ ಬೆಂಕಿ ಹಚ್ಚುವದನ್ನು ಮೊದಲು ಬಿಟ್ಟರೆ, ಅದನ್ನು ನೋಡಿ ಸಣ್ಣವರೂ ಬಿಡುವರು. ಊರು ನಡೆಯುವದು ಹೇಳುವದನ್ನು ಕೇಳಿ ಅಲ್ಲ, ಮಾಡುವದನ್ನು ನೋಡಿ.